ಪರೀಕ್ಷೆಯ ದಿನದ ಹೊಟ್ಟೆನೋವು

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುವ ಮಕ್ಕಳು ಎಲ್ಲ ಕಾಲದಲ್ಲೂ ಇದ್ದಾರೆ. ಕೆಲವರದು ನೆಪ, ಕೆಲವರದು ನಿಜ. ಕಾಲೇಜಿನ ಬಸ್ಸು ಹೊರಟ ಅರ್ಧ ಗಂಟೆಯಲ್ಲಿ ನೋವು ಮಾಯವಾದರೆ, ‘ನೋಡಿದ್ರಾ, ಎಲ್ಲಾ ನಾಟಕ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆದರೆ ಹೆದರಿಕೆಯಿಂದ ಹುಟ್ಟಿದ ನಿಜವಾದ ನೋವು ಕೂಡ, ಹೆದರಿಕೆಯ ಕಾರಣ ದೂರವಾದೊಡನೆ ಇಳಿಯುತ್ತದೆ. ಬಸ್ಸು ಹೋದ ಮೇಲೆ ನೋವು ನಿಂತಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಇಂಥ ಮಕ್ಕಳನ್ನು ಆಪ್ತ ಸಲಹೆಗಾರರ ಬಳಿ ಕರೆದೊಯ್ಯುವ ತಂದೆ ತಾಯಿ ಈಗ ಹೆಚ್ಚುತ್ತಿದ್ದಾರೆ. ಅಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ಮಾತ್ರ ಹಲವರಿಗೆ ಸ್ಪಷ್ಟ ಕಲ್ಪನೆಯಿಲ್ಲ. ‘ನಾಲ್ಕು ಬುದ್ಧಿಮಾತು ಹೇಳುತ್ತಾರೆ’ ಎಂದು ಕೆಲವರು, ‘ಬಾಲ್ಯವನ್ನೆಲ್ಲ ಕೆದಕುತ್ತಾರೆ’ ಎಂದು ಕೆಲವರು ತಿಳಿದಿದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಮನಸ್ಸಿನ ಚಿಕಿತ್ಸೆಯಲ್ಲಿ ಹಲವು ಪದ್ಧತಿಗಳಿವೆ. ನುರಿತ ಸಲಹೆಗಾರರು ಒಂದೇ ಪದ್ಧತಿಗೆ ಗಂಟು ಬೀಳದೆ, ಎದುರಿಗೆ ಕುಳಿತವರ ಅಗತ್ಯ ನೋಡಿ ಒಂದರಿಂದ ಇದನ್ನು, ಇನ್ನೊಂದರಿಂದ ಅದನ್ನು ತೆಗೆದುಕೊಳ್ಳುತ್ತಾರೆ. ಅದು ಹೇಗೆಂದು ತಿಳಿಯಲು ಒಂದು ಉದಾಹರಣೆ ನೋಡಬಹುದು. ಇದು ಯಾರೋ ಒಬ್ಬರ ಕತೆಯಲ್ಲ. ಹಲವು ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಸೇರಿಸಿ ಮಾಡಿಕೊಂಡ ಉದಾಹರಣೆ.

ಹುಡುಗಿ ಮತ್ತು ಮನೆ

ತಾಲ್ಲೂಕು ಕೇಂದ್ರವೊಂದರ ಹುಡುಗಿ. ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 94 ಅಂಕ ಬಂದಿತ್ತು. ತಂದೆಗೆ ಹಾರ್ಡ್‌ವೇರ್ ಅಂಗಡಿ, ತಾಯಿ ಗೃಹಿಣಿ, ಅಣ್ಣ ದೂರದ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅವಳಿಗೆ ಒಂದಕ್ಷರವೂ ನೆನಪಾಗಲಿಲ್ಲ. ಕೈ ಬೆವರಿತು, ಎದೆ ಹೊಡೆದುಕೊಂಡಿತು, ಅರ್ಧ ಗಂಟೆಯಲ್ಲೇ ಎದ್ದು ಹೊರಗೆ ಬಂದಳು. ಅಲ್ಲಿಂದಾಚೆಗೆ ಯಾವ ಟೆಸ್ಟ್ ಇದ್ದರೂ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಡಾಕ್ಟರು ಪರೀಕ್ಷಿಸಿ, ಸ್ಕ್ಯಾನಿಂಗ್ ಮಾಡಿಸಿ, ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು. ತಂದೆ ಗದರಿದರು. ತಾಯಿ ಹರಕೆ ಹೊತ್ತರು. ತಂದೆ ಅಂಗಡಿಗೆ ಹೋದ ಮೇಲೆ ‘ಇವತ್ತೊಂದು ದಿನ ಮಲಗಿಕೋ’ ಎಂದರು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಕಾಲೇಜಿನ ಉಪನ್ಯಾಸಕರೊಬ್ಬರ ಸೂಚನೆಯಂತೆ ಅವಳನ್ನು ಆಪ್ತ ಸಲಹೆಗಾರ್ತಿಯ ಬಳಿ ಕರೆತರಲಾಯಿತು.

ಮೊದಲು ಕೇಳುವ ಕೆಲಸ

ಸಲಹೆಗಾರ್ತಿ ಹುಡುಗಿಯನ್ನು ಕೇಳಿದ ಪ್ರತಿ ಪ್ರಶ್ನೆಗೂ ತಂದೆಯೇ ಉತ್ತರ ಕೊಟ್ಟರು. ಹತ್ತು ನಿಮಿಷವಾದ ಮೇಲೆ ಅವರು, ‘ಸ್ವಲ್ಪ ಹೊತ್ತು ನೀವು ಹೊರಗೆ ಕೂತಿರಿ, ಆಮೇಲೆ ನಿಮ್ಮ ಜೊತೆಯೂ ಮಾತಾಡ್ತೀನಿ’ ಎಂದರು. ಬಾಗಿಲು ಹಾಕಿದ ಮೇಲೂ ಹುಡುಗಿ ಮಾತಾಡಲಿಲ್ಲ. ಸಲಹೆಗಾರ್ತಿ ಅವಸರಪಡಿಸಲಿಲ್ಲ, ಬುದ್ಧಿ ಹೇಳಲಿಲ್ಲ, ‘ಇಷ್ಟೇ ತಾನೆ’ ಎನ್ನಲೂ ಇಲ್ಲ. ‘ನೀನು ಹೇಳಿದ್ದು ಇಲ್ಲೇ ಇರುತ್ತಮ್ಮಾ. ನಿನ್ನ ಜೀವಕ್ಕೆ ಅಪಾಯ ಅನ್ನೋ ವಿಷಯ ಇದ್ರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತೆ, ಅದನ್ನೂ ನಿನಗೆ ಹೇಳಿಯೇ ತಿಳಿಸ್ತೀನಿ’ ಎಂದರು. ಆ ಮೇಲೆ ಹುಡುಗಿ ನಿಧಾನವಾಗಿ ಬಾಯಿಬಿಟ್ಟಳು.

ಹೀಗೆ ಕೇಳುವುದೂ ಒಂದು ಪದ್ಧತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇದಕ್ಕೆ ಶಾಸ್ತ್ರದ ಸ್ಥಾನ ತಂದುಕೊಟ್ಟರು. 1942ರಲ್ಲಿ ಪ್ರಕಟವಾದ ಅವರ ಪುಸ್ತಕ, ಸಲಹೆ ನೀಡುವುದಕ್ಕಿಂತ ಎದುರಿನವರು ತಮ್ಮನ್ನು ತಾವೇ ಅರಿಯುವಂತೆ ನೆರವಾಗುವುದು ಮುಖ್ಯ ಎಂದು ವಾದಿಸಿತು. ಸಲಹೆಗಾರರಲ್ಲಿ ಮೂರು ಗುಣಗಳಿರಬೇಕೆಂದು 1957ರಲ್ಲಿ ಅವರು ಬರೆದರು: ಎದುರಿನವರ ಕಷ್ಟವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು, ತೋರಿಕೆಯಿಲ್ಲದ ನಡೆ, ಯಾವ ಷರತ್ತೂ ಇಲ್ಲದೆ ಅವರನ್ನು ಗೌರವಿಸುವುದು. ಈ ಮೂರಿದ್ದರೆ ಸಾಕು, ಬೇರೇನೂ ಬೇಡ ಎಂದು ರೋಜರ್ಸ್ ನಂಬಿದ್ದರು. ಇಂದಿನ ಹೆಚ್ಚಿನ ಸಲಹೆಗಾರರು ಇವಿಲ್ಲದೆ ಏನೂ ಆಗದು, ಆದರೆ ಎಷ್ಟೋ ಸಲ ಇಷ್ಟರಿಂದಲೇ ಎಲ್ಲ ಆಗದು ಎನ್ನುತ್ತಾರೆ.

ಕೇಳಲೇಬೇಕಾದ ಪ್ರಶ್ನೆ

ಮಾತಿನ ನಡುವೆ ಹುಡುಗಿ, ‘ಬೆಳಿಗ್ಗೆ ಎಚ್ಚರಾನೇ ಆಗದಿದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ ಮೇಡಂ’ ಎಂದಳು. ಸಲಹೆಗಾರ್ತಿ ವಿಷಯ ತೇಲಿಸಲಿಲ್ಲ. ‘ಸಾಯಬೇಕು ಅಂತ ಅನ್ನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಎಂದು ನೇರವಾಗಿ ಕೇಳಿದರು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಒಳಗೆ ಒಬ್ಬರೇ ಹೊತ್ತ ಭಾರವನ್ನು ಇಳಿಸಲು ಅಂಥ ಪ್ರಶ್ನೆಯೇ ಬಾಗಿಲಾಗುತ್ತದೆ.

ಹುಡುಗಿಯಲ್ಲಿ ನಿಶ್ಚಿತ ಯೋಜನೆಯೇನೂ ಇರಲಿಲ್ಲ. ಆದರೂ ಆ ದಿನ ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಸಲಹೆಗಾರ್ತಿ ಮೂರು ಕೆಲಸ ಮಾಡಿದರು. ಯೋಚನೆ ಬಂದಾಗ ಯಾರಿಗೆ ಹೇಳಬೇಕು, ಯಾರ ಜೊತೆ ಇರಬೇಕು ಎಂಬುದನ್ನು ಅವಳಿಂದಲೇ ಬರೆಸಿದರು. ಅವಳಿಗೆ ತಿಳಿಸಿ, ಅವಳ ಎದುರಿನಲ್ಲೇ ತಂದೆ ತಾಯಿಗೆ ವಿಷಯ ಹೇಳಿದರು. ಮನೋವೈದ್ಯರಿಗೆ ಪತ್ರ ಕೊಟ್ಟರು.

ಮನೋವೈದ್ಯರು ನೋಡಿ, ಮಾನಸಿಕ ಕಾಯಿಲೆಗೆಂದು ಸದ್ಯಕ್ಕೆ ಔಷಧಿ ಬೇಡ, ಎರಡು ವಾರ ಬಿಟ್ಟು ಮತ್ತೆ ಬನ್ನಿ ಎಂದರು. ಜೊತೆಗೆ ರಕ್ತ ಪರೀಕ್ಷೆ ಮಾಡಿಸಿದರು. ರಕ್ತಹೀನತೆ ಇತ್ತು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಸುಸ್ತು, ಏಕಾಗ್ರತೆಯಿಲ್ಲದಿರುವುದು, ಎದೆ ಹೊಡೆದುಕೊಳ್ಳುವುದು ಎಲ್ಲವೂ ಮನಸ್ಸಿನದೇ ಆಗಿರಬೇಕಿಲ್ಲ. ಮನಸ್ಸಿಗೆ ಚಿಕಿತ್ಸೆ ಕೊಡುವವರು ದೇಹವನ್ನು ಮರೆಯುವಂತಿಲ್ಲ.

ಭಯಕ್ಕೂ ಅಂಕ

ಮೂರನೆಯ ಭೇಟಿಯಿಂದ ಬೇರೆ ಪದ್ಧತಿ ಶುರುವಾಯಿತು. ಇದು ವರ್ತನಾ ಚಿಕಿತ್ಸೆ. ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಮೈ ಪೂರ್ತಿ ಸಡಿಲವಾಗಿರುವಾಗ ಭಯ ಬಲವಾಗಿ ಹಿಡಿಯಲಾರದು ಎಂಬುದು ಅವರ ವಾದ. ಸಲಹೆಗಾರ್ತಿ ಹುಡುಗಿಗೆ ಕೈ, ಭುಜ, ಕತ್ತು, ಹೊಟ್ಟೆಯ ಸ್ನಾಯುಗಳನ್ನು ಒಂದೊಂದಾಗಿ ಬಿಗಿಮಾಡಿ ಸಡಿಲಬಿಡುವುದನ್ನು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಅಭ್ಯಾಸ.

ನಂತರ ಇಬ್ಬರೂ ಕುಳಿತು ಭಯದ ಮೆಟ್ಟಿಲುಗಳನ್ನು ಪಟ್ಟಿ ಮಾಡಿದರು. ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಹುಡುಗಿಯೇ ಅಂಕ ಕೊಟ್ಟಳು.

1. ಭೌತಶಾಸ್ತ್ರದ ಪುಸ್ತಕ ಎದುರಿಗಿಟ್ಟುಕೊಂಡು ಕೂರುವುದು – 10
2. ಹಳೆಯ ಪ್ರಶ್ನೆಪತ್ರಿಕೆ ಓದುವುದು – 20
3. ಗಡಿಯಾರ ನೋಡದೆ ಒಂದು ಪ್ರಶ್ನೆ ಬಿಡಿಸುವುದು – 30
4. ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ ಬರೆಯುವುದು – 45
5. ಮನೆಯಲ್ಲಿ ಪೂರ್ತಿ ಪತ್ರಿಕೆ ಬರೆಯುವುದು – 60
6. ಕಾಲೇಜಿನ ಖಾಲಿ ಕೊಠಡಿಯಲ್ಲಿ ಕೂತು ಬರೆಯುವುದು – 70
7. ಗೆಳತಿಯರ ಜೊತೆ ಟೆಸ್ಟ್ ಬರೆಯುವುದು – 85
8. ವಾರ್ಷಿಕ ಪರೀಕ್ಷೆ – 100

ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕಿಂತ ಕಡಿಮೆಯಾದ ಮೇಲಷ್ಟೇ ಮುಂದಿನದು. ಇಲ್ಲಿ ಮುಖ್ಯವಾದ ನಿಯಮವೆಂದರೆ ಭಯ ಏರಿದಾಗ ಎದ್ದು ಓಡದಿರುವುದು. ಓಡಿಹೋದಾಗ ಸಿಗುವ ನೆಮ್ಮದಿಯೇ ಭಯಕ್ಕೆ ಗೊಬ್ಬರ. ಪ್ರೀತಿಯಿಂದಲೇ ಆದರೂ ತಾಯಿ ‘ಇವತ್ತು ಮಲಗಿಕೋ’ ಎಂದಾಗಲೆಲ್ಲ ಮುಂದಿನ ಟೆಸ್ಟಿನ ಭಯ ಇನ್ನಷ್ಟು ಬೆಳೆದಿತ್ತು. ತಾಯಿಗೆ ಇದನ್ನು ಬಿಡಿಸಿ ಹೇಳಲಾಯಿತು.

ಮೂರು ಕಾಲಂ ನೋಟ್‌ಬುಕ್

ಐದನೆಯ ಮೆಟ್ಟಿಲಿನ ಹೊತ್ತಿಗೆ ಮೈ ಹಿಡಿತಕ್ಕೆ ಬಂದಿತ್ತು, ತಲೆ ಬಂದಿರಲಿಲ್ಲ. ‘ಈ ಸಲವೂ ಮರೆತರೆ ಎಲ್ಲಾ ಮುಗೀತು’ ಎಂಬ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಸಲಹೆಗಾರ್ತಿ ಈಗ ಆರನ್ ಬೆಕ್ ಅವರ ಅರಿವಿನ ಚಿಕಿತ್ಸೆಯತ್ತ ತಿರುಗಿದರು. ಬೆಕ್ ಫಿಲಡೆಲ್ಫಿಯದವರು, ಫ್ರಾಯ್ಡ್‌ನ ಮನೋವಿಶ್ಲೇಷಣೆಯಲ್ಲಿ ತರಬೇತಾದವರು. ಖಿನ್ನತೆಯವರ ಕನಸುಗಳಲ್ಲಿ ಆ ಸಿದ್ಧಾಂತ ಹೇಳುವಂತೆ ಒಳಗೆ ತಿರುಗಿದ ಸಿಟ್ಟು ಕಾಣಬೇಕಿತ್ತು. ಅವರಿಗೆ ಕಂಡದ್ದು ಸೋಲು, ಕಳೆದುಕೊಂಡ ಭಾವ. 1960ರ ದಶಕದಲ್ಲಿ ಅವರು ಹಾದಿ ಬದಲಿಸಿ, ತಾನಾಗಿ ಬರುವ ಯೋಚನೆಗಳನ್ನು ಹಿಡಿದು ಪರೀಕ್ಷಿಸುವ ಕ್ರಮ ಕಟ್ಟಿದರು. ನೂರು ವರ್ಷ ಬದುಕಿ 2021ರಲ್ಲಿ ತೀರಿಕೊಂಡರು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಏನು ನಡೆಯಿತು, ಯಾವ ಯೋಚನೆ ಬಂತು, ಅದಕ್ಕೆ ಪುರಾವೆ ಏನು. ‘ಹಾಗೆಲ್ಲ ಯೋಚಿಸಬೇಡ, ಧೈರ್ಯವಾಗಿರು’ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಬದಲಿಗೆ ಲೆಕ್ಕ ಕೇಳುತ್ತಾರೆ. ಎಂಟನೆಯ ತರಗತಿಯಿಂದ ಈವರೆಗೆ ಎಷ್ಟು ಪರೀಕ್ಷೆ ಬರೆದಿದ್ದೀ? ಎಷ್ಟರಲ್ಲಿ ಪೂರ್ತಿ ಮರೆತುಹೋಯಿತು? ಒಂದರಲ್ಲಿ. ಒಂದು ಪರೀಕ್ಷೆ ಕೆಟ್ಟರೆ ಎಲ್ಲ ಮುಗಿಯಿತೇ? ಕರ್ನಾಟಕದಲ್ಲಿ 2024ರಿಂದ ಅದೇ ವರ್ಷ ಮತ್ತೆ ಬರೆಯುವ ‘ಪರೀಕ್ಷೆ–2’ರ ಅವಕಾಶವಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದು ಹುಡುಗಿಗೆ ಗೊತ್ತಿರಲಿಲ್ಲವೆಂದಲ್ಲ. ಭಯ ಬಂದಾಗ ನೆನಪಾಗುತ್ತಿರಲಿಲ್ಲ. ಬರೆದಿಟ್ಟುಕೊಂಡ ಮೇಲೆ ನೆನಪಾಗತೊಡಗಿತು.

ಏಳನೆಯ ಮೆಟ್ಟಿಲಲ್ಲಿ ತಡೆ

ಆರನೆಯ ಮೆಟ್ಟಿಲವರೆಗೆ ಎಲ್ಲ ಸರಿಯಾಗಿ ನಡೆಯಿತು. ಏಳನೆಯದರ ದಿನ ಬೆಳಿಗ್ಗೆ ಮತ್ತೆ ವಾಂತಿ. ತಂದೆ ಫೋನ್ ಮಾಡಿ, ‘ಇಷ್ಟು ದಿನ ಮಾಡಿದ್ದೆಲ್ಲ ದಂಡ ಆಯ್ತಲ್ಲ ಮೇಡಂ’ ಎಂದರು.

ಒಂದೇ ಪದ್ಧತಿಗೆ ಅಂಟಿಕೊಂಡವರು ಇಂಥ ಕಡೆ ಅದನ್ನೇ ಇನ್ನಷ್ಟು ಜೋರಾಗಿ ಮಾಡಲು ಹೊರಡುತ್ತಾರೆ. ಇಲ್ಲವೇ ‘ನಿನಗೇ ಗುಣವಾಗುವ ಮನಸ್ಸಿಲ್ಲ’ ಎಂದು ದೂರುತ್ತಾರೆ. ಸಲಹೆಗಾರ್ತಿ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದರು. ಎರಡನೆಯ ಕಾಲಂನಲ್ಲಿ ಮೂರು ಕಡೆ ‘ಅಪ್ಪನ ದುಡ್ಡು’ ಎಂಬ ಮಾತಿತ್ತು. ‘ಟೆಸ್ಟಿನ ಹಿಂದಿನ ರಾತ್ರಿ ಮನೆಯಲ್ಲಿ ಏನಾಯಿತು?’ ಎಂದು ಕೇಳಿದರು. ಸಾಲ ಕೊಟ್ಟವರ ಫೋನ್ ಬಂದಿತ್ತು. ಅಪ್ಪ ಅಮ್ಮ ಜಗಳವಾಡಿ ಮಾತು ಬಿಟ್ಟಿದ್ದರು.

ಅಣ್ಣನಿಗೆ ಮೆರಿಟ್ ಸೀಟು ಸಿಗದೆ, ಅಂಗಡಿಯ ಮೇಲೆ ಸಾಲ ತೆಗೆದು ಮ್ಯಾನೇಜ್‌ಮೆಂಟ್ ಸೀಟು ಕೊಡಿಸಲಾಗಿತ್ತು. ತನಗೂ ಮೆರಿಟ್ ಸೀಟು ತಪ್ಪಿದರೆ ಅಂಗಡಿಯೇ ಹೋಗುತ್ತದೆಂದು ಹುಡುಗಿ ಒಳಗೊಳಗೇ ತೀರ್ಮಾನಿಸಿದ್ದಳು. ಇನ್ನೊಂದು ಸಂಗತಿಯೂ ಇತ್ತು. ತಿಂಗಳುಗಟ್ಟಲೆ ಮಾತಿಲ್ಲದ ತಂದೆ ತಾಯಿ, ಮಗಳಿಗೆ ಹುಷಾರಿಲ್ಲದ ದಿನ ಮಾತಾಡುತ್ತಿದ್ದರು. ತಂದೆ ಬೇಗ ಅಂಗಡಿ ಮುಚ್ಚಿ ಬರುತ್ತಿದ್ದರು. ಹುಡುಗಿ ಬೇಕೆಂದೇ ಕಾಯಿಲೆ ಬೀಳುತ್ತಿದ್ದಳು ಎಂದು ಇದರ ಅರ್ಥವಲ್ಲ. ಮನೆಯ ಒಡಕಿಗೆ ಅವಳ ಹೊಟ್ಟೆನೋವು ಯಾರಿಗೂ ತಿಳಿಯದಂತೆ ತೇಪೆಯಾಗಿತ್ತು.

ಮನೆಮಂದಿ ಒಟ್ಟಿಗೆ

ಹುಡುಗಿಯ ಒಪ್ಪಿಗೆ ಪಡೆದು ಸಲಹೆಗಾರ್ತಿ ಮನೆಯವರನ್ನು ಒಟ್ಟಿಗೆ ಕೂರಿಸಿದರು. ಇದು ಕುಟುಂಬ ಚಿಕಿತ್ಸೆಯ ಕ್ರಮ. ಭಾರತದಲ್ಲಿ ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದಕ್ಕೆ ಹಳೆಯ ಬೇರಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗೊಳಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರ ದಶಕಗಳಿಂದ ಕೆಲಸ ಮಾಡುತ್ತಿದೆ.

‘ಸಾಲದ ವಿಷಯ ಮಕ್ಕಳಿಗೆ ಗೊತ್ತಿಲ್ಲ ಮೇಡಂ’ ಎಂದರು ತಂದೆ. ಹುಡುಗಿ ತಲೆ ತಗ್ಗಿಸಿಯೇ, ‘ಆರು ಲಕ್ಷದ ನಲವತ್ತು ಸಾವಿರ’ ಎಂದಳು. ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಸಾಲ ಮಾಡಿದ್ದು ನಾನು ಪುಟ್ಟಿ, ತೀರಿಸೋದೂ ನಾನೇ. ಅದನ್ನ ನೀನು ಯಾಕೆ ಹೊತ್ತುಕೊಂಡಿದ್ದೀಯಾ?’ ಎಂದರು.

ಆ ಭೇಟಿಯಲ್ಲಿ ಸಂಸಾರದ ಎಲ್ಲ ತಕರಾರೂ ಬಗೆಹರಿಯಲಿಲ್ಲ. ಬಗೆಹರಿಸುವುದು ಉದ್ದೇಶವೂ ಆಗಿರಲಿಲ್ಲ. ಮೂರು ಒಪ್ಪಂದಗಳಾದವು. ಸಾಲದ ಮಾತು ತಂದೆ ತಾಯಿಯ ನಡುವೆಯೇ, ಮಗಳು ಇಲ್ಲದಾಗ ಆಗಬೇಕು. ಹುಷಾರಿರಲಿ, ಇಲ್ಲದಿರಲಿ, ವಾರಕ್ಕೆ ಎರಡು ದಿನ ತಂದೆ ಊಟದ ಹೊತ್ತಿಗೆ ಮನೆಗೆ ಬರಬೇಕು. ಟೆಸ್ಟಿನ ದಿನ ಹೊಟ್ಟೆ ನೋಯುತ್ತಿದ್ದರೂ ಹೋಗಬೇಕು. ‘ಹೇಗೆ ಬರೆದೆ’ ಎಂದು ಮಾತ್ರ ಯಾರೂ ಕೇಳಬಾರದು.

ನಾಲ್ಕು ತಿಂಗಳಲ್ಲಿ ಹನ್ನೊಂದು ಭೇಟಿ. ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರದ ದಿನ ಬೆಳಿಗ್ಗೆ ಹೊಟ್ಟೆನೋವು ಬಂತು. ಬಂದರೂ ಹೋದಳು, ಕೊನೆಯವರೆಗೆ ಕೂತು ಬರೆದಳು. ಅಂಕ ಎಸ್ಸೆಸ್ಸೆಲ್ಸಿಯಷ್ಟು ಬರಲಿಲ್ಲ. ಆ ಒಂದು ವಿಷಯವನ್ನು ಪರೀಕ್ಷೆ–2ರಲ್ಲಿ ಮತ್ತೆ ಬರೆಯಲು ತಾನಾಗಿಯೇ ಹೆಸರು ಕೊಟ್ಟಳು.

ಕಲಸುಮೇಲೋಗರವಲ್ಲ

ಹಾಗಾದರೆ ಎಲ್ಲ ಪದ್ಧತಿಗಳಿಂದ ಒಂದೊಂದು ಹಿಡಿ ತೆಗೆದು ಕಲಸಿದರೆ ಆಯಿತೇ? ಇಲ್ಲ. ಅದು ಕಲಸುಮೇಲೋಗರವಾಗುತ್ತದೆ. ಜೋಡಿಸುವುದಕ್ಕೂ ಕ್ರಮವಿದೆ.

ವೋಲ್ಪೆಯವರ ಶಿಷ್ಯ, ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಆರ್ನಾಲ್ಡ್ ಲಾಜರಸ್, ವರ್ತನಾ ಚಿಕಿತ್ಸೆಯಿಂದ ಗುಣವಾದ ಕೆಲವರಲ್ಲಿ ತೊಂದರೆ ಮರುಕಳಿಸುವುದನ್ನು ಕಂಡರು. ಯಾವ ಸಿದ್ಧಾಂತದ್ದೇ ಆಗಲಿ, ಪ್ರಯೋಜನವಾಗುವ ಉಪಾಯವನ್ನು ಬಳಸಬೇಕು, ಆದರೆ ಸಿದ್ಧಾಂತಗಳನ್ನೇ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು ಎಂದು 1967ರಲ್ಲಿ ವಾದಿಸಿದರು. ಮುಂದೆ ಏಳು ಅಂಶಗಳ ತಪಾಸಣಾ ಕ್ರಮ ರೂಪಿಸಿದರು: ವರ್ತನೆ, ಭಾವನೆ, ಮೈಯ ಅನುಭವ, ಮನಸ್ಸಿನ ಚಿತ್ರಗಳು, ಯೋಚನೆ, ಇತರರೊಂದಿಗಿನ ಸಂಬಂಧ, ದೈಹಿಕ ಆರೋಗ್ಯ. ಮೇಲಿನ ಉದಾಹರಣೆಗೆ ಇದನ್ನು ಹೊಂದಿಸಿ ನೋಡಿದರೆ ಪರೀಕ್ಷೆಯಿಂದ ಓಡುವುದು ವರ್ತನೆ, ವಾಂತಿ ಮೈಯದು, ‘ಎಲ್ಲಾ ಮುಗೀತು’ ಯೋಚನೆ, ಸಾಲದ ಜಗಳ ಸಂಬಂಧ, ರಕ್ತಹೀನತೆ ಆರೋಗ್ಯ. ಒಂದನ್ನೇ ಹಿಡಿದು ಉಳಿದದ್ದನ್ನು ಬಿಟ್ಟಿದ್ದರೆ ಹುಡುಗಿ ಏಳನೆಯ ಮೆಟ್ಟಿಲಲ್ಲೇ ನಿಲ್ಲುತ್ತಿದ್ದಳು.

ಇನ್ನೊಂದು ವಿಚಾರವೂ ಇದೆ. ಅಮೆರಿಕದ ಸಾಲ್ ರೋಸೆನ್‌ಜ್ವೀಗ್ 1936ರಷ್ಟು ಹಿಂದೆಯೇ, ಪರಸ್ಪರ ಜಗಳವಾಡುವ ಪದ್ಧತಿಗಳೆಲ್ಲ ಸುಮಾರಾಗಿ ಒಂದೇ ಬಗೆಯ ಫಲ ಕೊಡುತ್ತಿರುವುದಕ್ಕೆ ಅವುಗಳಲ್ಲಿ ಸಮಾನವಾಗಿರುವ ಅಂಶಗಳೇ ಕಾರಣವಿರಬೇಕು ಎಂದರು. ಆ ಸಮಾನ ಅಂಶಗಳಲ್ಲಿ ಮುಖ್ಯವಾದದ್ದು ಸಲಹೆಗಾರರ ಮತ್ತು ಬಂದವರ ನಡುವಿನ ನಂಟು. ಅದರಲ್ಲಿ ಮೂರು ಭಾಗಗಳನ್ನು ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಗುರುತಿಸಿದರು: ಗುರಿ ಏನೆಂಬ ಒಪ್ಪಂದ, ಅದಕ್ಕಾಗಿ ಏನು ಮಾಡಬೇಕೆಂಬ ಒಪ್ಪಂದ, ಇಬ್ಬರ ನಡುವಿನ ವಿಶ್ವಾಸ. ಮೆಟ್ಟಿಲುಗಳಿಗೆ ಅಂಕ ಕೊಟ್ಟದ್ದು ಸಲಹೆಗಾರ್ತಿಯಲ್ಲ, ಹುಡುಗಿ ಎಂಬುದನ್ನು ಗಮನಿಸಬೇಕು.

ಅನುಕ್ರಮವೂ ಮುಖ್ಯ. ಮೊದಲು ಜೀವದ ಅಪಾಯ, ನಂತರ ದೇಹದ ಆರೋಗ್ಯ, ಆಮೇಲೆ ದಿನನಿತ್ಯದ ತೊಂದರೆಯ ಪರಿಹಾರ, ಕೊನೆಗೆ ಅದರ ಹಿಂದಿನ ಕಾರಣ. ಒಂದು ಕ್ರಮ ಹಿಡಿದ ಮೇಲೆ ಕೆಲವು ವಾರ ಅದಕ್ಕೆ ಸಮಯ ಕೊಟ್ಟು, ಫಲ ಅಳೆದು, ಬೇಕಿದ್ದರಷ್ಟೇ ಬದಲಿಸಬೇಕು. ವಾರಕ್ಕೊಂದು ಹೊಸ ಉಪಾಯ ಹೇಳುವವರು ಜೋಡಿಸುತ್ತಿಲ್ಲ, ತಡಕಾಡುತ್ತಿದ್ದಾರೆ.

ತಂದೆ ತಾಯಿಗೆ ಕೆಲವು ಸೂಚನೆಗಳು

1. ಸಲಹೆಗಾರರ ವಿದ್ಯಾರ್ಹತೆ, ತರಬೇತಿ ಏನೆಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಸರಿಸುವುದಿಲ್ಲ.

2. ಈಗ ಏನು ಮಾಡುತ್ತಿದ್ದೀರಿ, ಯಾಕೆ, ಫಲ ಎಷ್ಟು ದಿನಕ್ಕೆ ತಿಳಿಯುತ್ತದೆ ಎಂದು ವಿಚಾರಿಸಿ. ಮಗ ಅಥವಾ ಮಗಳು ಹೇಳಿದ ಗುಟ್ಟೇನೆಂದು ಮಾತ್ರ ಕೇಳಬೇಡಿ.

3. ಒಂದೇ ಭೇಟಿಯಲ್ಲಿ ಗುಣ ಎನ್ನುವವರಿಂದ, ಖಚಿತ ಫಲದ ಭರವಸೆ ಕೊಡುವವರಿಂದ, ಬೇರೆ ಮಕ್ಕಳ ವಿಷಯವನ್ನು ನಿಮ್ಮ ಮುಂದೆ ಹೇಳುವವರಿಂದ ದೂರವಿರಿ. ನಾಳೆ ನಿಮ್ಮ ಮಗುವಿನ ವಿಷಯ ಇನ್ನೊಬ್ಬರ ಮುಂದೆ ಬರುತ್ತದೆ.

4. ಮನೆಯವರೂ ಬನ್ನಿ ಎಂದು ಕರೆದರೆ ಅದನ್ನು ಆರೋಪವೆಂದು ತಿಳಿಯಬೇಡಿ. ಮಗು ಮನೆಯಲ್ಲಿ ಬೆಳೆಯುತ್ತದೆ. ಅದರ ಭಯದ ಒಂದು ತುದಿ ಅಲ್ಲೇ ಸಿಗಬಹುದು.

5. ಮಧ್ಯೆ ತೊಂದರೆ ಮರುಕಳಿಸಿದರೆ ಎಲ್ಲ ದಂಡವಾಯಿತೆಂದು ನಿಲ್ಲಿಸಬೇಡಿ. ಎಲ್ಲಿ ತಡೆಯಾಯಿತು ಎಂಬುದರಿಂದಲೇ ಮುಂದಿನ ದಾರಿ ತಿಳಿಯುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಮನೆಯಲ್ಲಿ ಹೇಳಲಾಗದಿದ್ದರೆ ಉಪನ್ಯಾಸಕರಿಗೆ ಹೇಳಿ, ಗೆಳೆಯರಿಗೆ ಹೇಳಿ. ಬದುಕೇ ಬೇಡ ಎನ್ನಿಸುತ್ತಿದ್ದರೆ ಒಂದು ರಾತ್ರಿಯೂ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆದಿಡಿ.